ಪಾಸ್ಟರ್ ಸಂಬಳ: ಚಿಕ್ಕ ಸಭೆಯ ಲೆಕ್ಕ ಯಾಕೆ ಕೂಡಿಬರುವುದಿಲ್ಲ?

2025ರ ಮಧ್ಯಭಾಗದಲ್ಲಿ ಚರ್ಚ್ ಆಫ್ ಇಂಗ್ಲೆಂಡ್ ಒಂದು ಘೋಷಣೆ ಮಾಡಿತು. ಪಾದ್ರಿಗಳ ಕನಿಷ್ಠ ಸ್ಟೈಪೆಂಡ್ (ಜೀವನಕ್ಕೆ ಕೊಡುವ ಸಂಬಳ) 2026ರಲ್ಲಿ ಶೇ 10.7ರಷ್ಟು ಏರುತ್ತದೆ. 2011ರಲ್ಲಿ ಕತ್ತರಿ ಬಿದ್ದಿದ್ದ ಪೆನ್ಷನ್ ಹಳೆಯ ಮಟ್ಟಕ್ಕೆ ಮರಳುತ್ತದೆ. ಇದನ್ನು ಓದಿದ ಕೆಲವರಿಗೆ ಆಶ್ಚರ್ಯ: ಪಾದ್ರಿಗಳಿಗೂ ಇನ್‌ಕ್ರಿಮೆಂಟ್, ಪೆನ್ಷನ್ ಎಲ್ಲ ಇರುತ್ತಾ? ಇನ್ನು ಕೆಲವರದು ಬೇರೆ ಪ್ರಶ್ನೆ: ಅವರಿಗೆ ಇದೆ ಅಂದಮೇಲೆ ನಮ್ಮ ಸಭೆಯ (ಅಂದರೆ ಒಂದು ಚರ್ಚಿನಲ್ಲಿ ಕೂಡುವ ವಿಶ್ವಾಸಿಗಳ ಗುಂಪಿನ) ಪಾಸ್ಟರ್‌ಗೆ ಯಾಕಿಲ್ಲ?

ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಆ ಏರಿಕೆಯನ್ನು ತೀರ್ಮಾನಿಸಿದ್ದು ಯಾವುದೋ ಒಂದು ಪ್ಯಾರಿಷ್ ಅಲ್ಲ, ಇಡೀ ಪಂಗಡ. ಅದರ ಬೆನ್ನಿಗೆ ತಲೆಮಾರುಗಳಿಂದ ಬೆಳೆದುಬಂದ ಹೂಡಿಕೆ ನಿಧಿ ಇದೆ. ಸ್ವತಂತ್ರವಾಗಿ ನಡೆಯುವ ಚಿಕ್ಕ ಸಭೆಗೆ ಭಾನುವಾರದ ಕಾಣಿಕೆ ಚೀಲವೇ ನಿಧಿ. ಮಳೆ ಬಂದು ಜನ ಕಡಿಮೆಯಾದರೆ ಆ ವಾರ ನಿಧಿಯೂ ಕಡಿಮೆ.

ಪಾಸ್ಟರ್ ಸಂಬಳ ಕಮ್ಮಿ ಇದೆ ಅಂದಾಗ ಸಭೆಯವರ ಜಿಪುಣತನವನ್ನು ಬೈಯುವುದು ಸುಲಭ. ಆದರೆ ಬಹಳ ಕಡೆ ತೊಂದರೆ ಇರುವುದು ಸಭೆಯ ಅಳತೆಯಲ್ಲಿ. ಒಂದು ಚಿಕ್ಕ ಗುಂಪನ್ನೇ ಮಾಲೀಕ, ವಿಮಾ ಕಂಪನಿ, ಪೆನ್ಷನ್ ನಿಧಿ ಎಲ್ಲವೂ ಆಗು ಅಂದರೆ ಅದು ಆಗುವ ಮಾತಲ್ಲ.

ಅರವತ್ತೈದು ಜನ, ಒಂದು ಕಟ್ಟಡ

ಚಿಕ್ಕ ಸಭೆ ಅಂದರೆ ಅಪರೂಪದ್ದು ಅಂತ ನಮಗೆ ಅನಿಸುತ್ತದೆ. ಟಿವಿಯಲ್ಲಿ ಕಾಣುವುದು ಸಾವಿರಾರು ಜನರ ಸಭೆಗಳು, ಅಲ್ವಾ? ಆದರೆ ಅಮೆರಿಕದಲ್ಲಿ 2020ರಲ್ಲಿ ನಡೆದ 'ಫೇಯ್ತ್ ಕಮ್ಯುನಿಟೀಸ್ ಟುಡೇ' ಸಮೀಕ್ಷೆ ಸುಮಾರು 15 ಸಾವಿರ ಸಭೆಗಳನ್ನು ನೋಡಿತು. ಸಭೆಗಳನ್ನು ಹಾಜರಾತಿಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟ ನಡುವಿನ ಸಭೆಗೆ ವಾರಕ್ಕೆ ಬರುವವರು 65 ಜನ. 2000ದಲ್ಲಿ ಇದೇ ಸಂಖ್ಯೆ 137 ಇತ್ತು. ಅಂದರೆ ಚಿಕ್ಕ ಸಭೆಯೇ ಈಗ ಮಾಮೂಲಿ.

65 ಜನ ಅಂದರೆ ಸುಮಾರು 25 ಮನೆ ಅಂತ ಹಿಡಿಯೋಣ. ದಶಮಾಂಶದ ಲೆಕ್ಕ ನೋಡಲು ಚೆನ್ನಾಗಿದೆ. ಹತ್ತು ಮನೆಯವರು ತಪ್ಪದೆ ಹತ್ತರಲ್ಲೊಂದು ಪಾಲು ಕೊಟ್ಟರೆ ಒಂದು ಮನೆಯ ಪೂರ್ತಿ ವರಮಾನ ಹುಟ್ಟುತ್ತದೆ. ಪಾಸ್ಟರ್ ತನ್ನ ಜನರಷ್ಟೇ ಮಟ್ಟದಲ್ಲಿ ಬದುಕಬಹುದು. ಆದರೆ ಎಲ್ಲರೂ ಹಾಗೆ ಕೊಡುವುದಿಲ್ಲ. ಕೆಲವರು ಪೂರ್ತಿ ಕೊಡುತ್ತಾರೆ, ಕೆಲವರು ಚಿಲ್ಲರೆ ಹಾಕುತ್ತಾರೆ, ಕೆಲವರು ಕ್ರಿಸ್‌ಮಸ್‌ಗೆ ಮಾತ್ರ ಕಾಣುತ್ತಾರೆ. ಸರಾಸರಿ ನೂರಕ್ಕೆ ಮೂರು ಅಂತ ಇಟ್ಟುಕೊಂಡರೆ 25 ಮನೆಗಳಿಂದ ಬರುವುದು ಒಂದು ಮನೆಯ ವರಮಾನದ ಮುಕ್ಕಾಲು ಭಾಗ. ಅದರಲ್ಲಿ ಅರ್ಧ ಕಟ್ಟಡ, ಕರೆಂಟು, ರಿಪೇರಿಗೆ ಹೋಯಿತು ಅನ್ನಿ. ಉಳಿಯುವುದು ಒಂದು ವರಮಾನದ ಮೂರನೇ ಒಂದಕ್ಕಿಂತ ಸ್ವಲ್ಪ ಜಾಸ್ತಿ.

ಈಗ ಅದೇ ಸಭೆ 50 ಮನೆಗಳದ್ದಾದರೆ? ಕಾಣಿಕೆ ಎರಡು ಪಟ್ಟಾಗಿ ಒಂದೂವರೆ ವರಮಾನ ಆಗುತ್ತದೆ. ಆದರೆ ಕಟ್ಟಡದ ಖರ್ಚು ಎರಡು ಪಟ್ಟಾಗುವುದಿಲ್ಲ. ಅದೇ ಸೂರು, ಅದೇ ದೀಪ, ಇನ್ನಷ್ಟು ಕುರ್ಚಿ. ಹಾಗಾಗಿ ಪಾಸ್ಟರ್ ಪಾಲು ಮೂರನೇ ಒಂದರಿಂದ ಒಂದು ಪೂರ್ತಿ ವರಮಾನದ ಹತ್ತಿರಕ್ಕೆ ಜಿಗಿಯುತ್ತದೆ. ಎರಡು ಸಭೆಗಳ ಜನ ಒಂದೇ ತರ ಕೊಡುವವರಾಗಿದ್ದರೂ ಒಬ್ಬ ಪಾಸ್ಟರ್ ನೆಮ್ಮದಿಯಾಗಿರುತ್ತಾರೆ, ಇನ್ನೊಬ್ಬರು ಸಾಲ ಮಾಡುತ್ತಾರೆ.

ಇದು ವರಮಾನದ ಕಡೆಯ ಮಾತು. ಕಾಣಿಕೆ ಕುಗ್ಗಿದಾಗ ಮೊದಲು ನಿಲ್ಲುವುದು ಯಾವುದು? ಕರೆಂಟ್ ಬಿಲ್ ನಿಲ್ಲಿಸಲು ಆಗುವುದಿಲ್ಲ. ಸಂಬಳ ಇಳಿಸಿದರೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಪೆನ್ಷನ್ ಕಂತು, ಆರೋಗ್ಯ ವಿಮೆ ನಿಂತರೆ ಇವತ್ತು ಯಾರಿಗೂ ಗೊತ್ತಾಗುವುದಿಲ್ಲ. ಪಾಸ್ಟರ್ ಆಸ್ಪತ್ರೆ ಸೇರಿದ ದಿನ ಗೊತ್ತಾಗುತ್ತದೆ.

ಎತ್ತಿನ ಬಾಯಿ, ಗುಡಾರದ ಸೂಜಿ

ಸಂಬಳದ ಮಾತು ಬಂದಾಗ ಎರಡು ಕಡೆಯವರೂ ಬೈಬಲ್ ತೆಗೆಯುತ್ತಾರೆ. ಮೊದಲ ಕಡೆಯವರದು ಧರ್ಮೋಪದೇಶಕಾಂಡದ 25ನೇ ಅಧ್ಯಾಯ: ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದು. ಮೊದಲ ಕಾಲದ ಕ್ರೈಸ್ತ ಪ್ರಚಾರಕ ಪೌಲ ಇದನ್ನೇ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಎತ್ತಿಕೊಂಡು, ಸುವಾರ್ತೆ ಸಾರುವವರು ಸುವಾರ್ತೆಯಿಂದಲೇ ಜೀವನ ಮಾಡಬೇಕು ಅನ್ನುತ್ತಾನೆ. ತಿಮೊಥೆಯನಿಗೆ ಬರೆದ ಪತ್ರದಲ್ಲೂ ಅದೇ ಎತ್ತು ಮತ್ತೆ ಬರುತ್ತದೆ, ಜೊತೆಗೆ ಕೆಲಸಗಾರನ ಕೂಲಿಯ ಮಾತೂ ಬರುತ್ತದೆ.

ಎರಡನೇ ಕಡೆಯವರು ತೋರಿಸುವುದೂ ಅದೇ ಪೌಲನನ್ನು. ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯದಲ್ಲಿ ಅವನು ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಮನೆಯಲ್ಲಿದ್ದುಕೊಂಡು ಗುಡಾರ ಮಾಡುವ ಕಸುಬು ಮಾಡುತ್ತಾನೆ. ಸೇವೆ ಅಂದರೆ ದೇವರ ಕರೆ, ಅದಕ್ಕೆ ರೇಟ್ ಕಟ್ಟಬಾರದು, ವಿಶ್ವಾಸದ ಮೇಲೆ ಬದುಕಬೇಕು ಅನ್ನುವವರ ವಾದ ಇಲ್ಲಿಂದ ಶುರುವಾಗುತ್ತದೆ.

ಎರಡೂ ಕಡೆಯವರು ಒಂದು ವಾಕ್ಯವನ್ನು ಸುಮ್ನೆ ದಾಟಿಹೋಗುತ್ತಾರೆ ಅನ್ನುವುದು ನನ್ನ ಅನಿಸಿಕೆ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ 11ನೇ ಅಧ್ಯಾಯದಲ್ಲಿ ಪೌಲ ಹೇಳುತ್ತಾನೆ: ನಿಮ್ಮ ಸೇವೆ ಮಾಡಲು ನಾನು ಬೇರೆ ಸಭೆಗಳಿಂದ ಸಂಬಳ ತೆಗೆದುಕೊಂಡು ಅವುಗಳನ್ನು ಸುಲಿದುಕೊಂಡ ಹಾಗಾಯಿತು. ಅಂದರೆ ಕೊರಿಂಥದಲ್ಲಿ ಕೆಲಸ ನಡೆದದ್ದು ಬರೀ ಸೂಜಿಯಿಂದಲ್ಲ, ಮಕೆದೋನ್ಯ ಪ್ರಾಂತ್ಯದಿಂದ ಬಂದ ದುಡ್ಡಿನಿಂದಲೂ ಹೌದು. ಗುಡಾರದ ಕಥೆಯನ್ನು 'ನೀವೂ ಹಾಗೇ ದುಡಿಯಿರಿ' ಅಂತ ಪಾಸ್ಟರ್‌ಗೆ ಹೇಳಲು ಬಳಸುವವರು ಈ ಅರ್ಧವನ್ನೂ ಓದಬೇಕು. ಇನ್ನೊಂದು ಮಾತು: ಸಂಬಳ ಬೇಡ ಅಂದದ್ದು ಪೌಲ. ಕೊಡುವುದಿಲ್ಲ ಅಂದದ್ದು ಸಭೆ ಅಲ್ಲ. ಹಕ್ಕನ್ನು ತಾನಾಗಿ ಬಿಡುವುದು ಬೇರೆ, ಬಿಡಿಸುವುದು ಬೇರೆ.

ಬಜೆಟ್ಟಿನ ಒಂದೇ ಸಾಲು

ವರ್ಷಕ್ಕೊಮ್ಮೆ ನಡೆಯುವ ಸರ್ವ ಸದಸ್ಯರ ಸಭೆಯನ್ನು ನೆನಪಿಸಿಕೊಳ್ಳಿ. ಕೈಗೊಂದು ಹಾಳೆ ಬರುತ್ತದೆ. ಅದರಲ್ಲಿ ಕರೆಂಟು, ರಿಪೇರಿ, ಭಾನುವಾರ ಶಾಲೆಯ ಖರ್ಚು ಬೇರೆ ಬೇರೆ. ಕೊನೆಗೆ ದಪ್ಪ ಅಕ್ಷರದಲ್ಲಿ 'ಪಾಸ್ಟರ್' ಅಂತ ಒಂದೇ ಸಾಲು, ಮುಂದೆ ಹಾಳೆಯಲ್ಲೇ ದೊಡ್ಡ ಮೊತ್ತ. 'ಈಗ ಪಾಸ್ಟರ್ ಸ್ವಲ್ಪ ಹೊರಗೆ ಕೂರ್ತೀರಾ?' ಅಂತ ಯಾರೋ ಕೇಳುತ್ತಾರೆ. ಅವರು ಎದ್ದುಹೋಗುತ್ತಾರೆ. ಅವರ ಹೆಂಡತಿ ಅಲ್ಲೇ ಕೂತಿರುತ್ತಾರೆ, ಯಾಕೆಂದರೆ ಅವರೂ ಸದಸ್ಯೆ. ಗಂಡನ ಸಂಬಳದ ಚರ್ಚೆಯನ್ನು ತಲೆ ತಗ್ಗಿಸಿ ಕೇಳುತ್ತಾರೆ.

ತೊಂದರೆಯ ಒಂದು ದೊಡ್ಡ ಪಾಲು ಆ ಒಂದೇ ಸಾಲಿನಲ್ಲಿದೆ. ಅದರೊಳಗೆ ಕನಿಷ್ಠ ಮೂರು ಬೇರೆ ಬೇರೆ ವಸ್ತುಗಳು ಸೇರಿಕೊಂಡಿವೆ. ಮನೆ ನಡೆಸಲು ಕೈಗೆ ಸಿಗುವ ದುಡ್ಡು ಸಂಬಳ. ವಿಮೆ, ಪೆನ್ಷನ್ ಕಂತು ಸೌಲಭ್ಯ. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋದ ಪೆಟ್ರೋಲ್, ಪಾಠಕ್ಕೆ ತಂದ ಪುಸ್ತಕ, ಸಭೆಯ ಕೆಲಸಕ್ಕೆ ಮಾಡಿದ ಫೋನ್ ಇವೆಲ್ಲ ಸಭೆಯದೇ ಖರ್ಚು. ಮೂರನ್ನೂ ಕೂಡಿಸಿ ಪಾಸ್ಟರ್ ಹೆಸರಿಗೆ ಬರೆದಾಗ ಮೊತ್ತ ದೊಡ್ಡದಾಗಿ ಕಾಣುತ್ತದೆ. 'ಇಷ್ಟು ಕೊಡ್ತಿದ್ದೀವಲ್ಲ' ಅನ್ನುವ ಮಾತು ಬರುತ್ತದೆ. ಜಾಸ್ತಿ ಓಡಾಡಿ ಜಾಸ್ತಿ ಜನರನ್ನು ನೋಡಿದ ಪಾಸ್ಟರ್‌ಗೆ ಕೊನೆಯಲ್ಲಿ ಉಳಿಯುವುದು ಕಡಿಮೆ. ಮನೆಯಲ್ಲೇ ಕೂತವರಿಗೆ ಲಾಭ! ಈ ಸಾಲನ್ನು ಮೂರಾಗಿ ಒಡೆಯಲು ಒಂದು ಪೈಸೆಯೂ ಬೇಕಿಲ್ಲ, ಆದರೂ ಎಷ್ಟೋ ಸಭೆಗಳು ಒಡೆಯುವುದಿಲ್ಲ.

ಮನೆಯ ಕಥೆ ಇನ್ನೂ ಸೂಕ್ಷ್ಮ. ಚರ್ಚಿನ ಪಕ್ಕದ ಮನೆಯಲ್ಲಿ ಬಾಡಿಗೆ ಇಲ್ಲದೆ ಇರುವುದು ನಿಜವಾದ ನೆರವು. ಅದನ್ನು ಸಂಬಳದ ಭಾಗ ಅಂತ ಹಿಡಿದು ನಗದನ್ನು ಕಡಿಮೆ ಮಾಡುತ್ತಾರೆ. ಹೀಗೆ 30 ವರ್ಷ ಕಳೆಯುತ್ತದೆ. ಸಭೆಯ ಉಳಿದ ಕುಟುಂಬಗಳು ಅಷ್ಟರಲ್ಲಿ ಸಾಲ ತೀರಿಸಿ ಸ್ವಂತ ಮನೆ ಮಾಡಿಕೊಂಡಿರುತ್ತವೆ. ನಿವೃತ್ತಿಯ ದಿನ ಪಾಸ್ಟರ್ ಕೀಲಿ ಕೊಟ್ಟು ಹೊರಡಬೇಕು. ಸ್ವಂತ ಮನೆ ಕಟ್ಟಲು ಆಗುವಷ್ಟು ಉಳಿತಾಯವನ್ನು ಆ ಕಡಿಮೆ ನಗದು ಎಂದೂ ಬಿಟ್ಟಿರುವುದಿಲ್ಲ. ಗಂಡ ತೀರಿಕೊಂಡರೆ ಅವರ ಹೆಂಡತಿಗೆ ದುಃಖದ ಜೊತೆಗೇ ಮನೆ ಖಾಲಿ ಮಾಡುವ ಗಡುವೂ ಬರುತ್ತದೆ.

ಪಾಸ್ಟರ್ ನೌಕರನೋ, ಅಲ್ಲವೋ?

ಕಾನೂನಿನ ಬಾಗಿಲು ತಟ್ಟಿದರೆ ಗೊಂದಲ ಹೆಚ್ಚುತ್ತದೆ. ಸರ್ಕಾರ ಧರ್ಮಗುರುವನ್ನು ಯಾರು ಆರಿಸಬೇಕು, ಯಾರನ್ನು ತೆಗೆಯಬೇಕು ಅನ್ನುವುದರಲ್ಲಿ ಕೈಹಾಕಬಾರದು ಅನ್ನುವುದು ಒಳ್ಳೆಯ ತತ್ವ. ಅಮೆರಿಕದ ಸುಪ್ರೀಂ ಕೋರ್ಟ್ 2012ರ ಹೊಸಾನಾ-ಟೇಬರ್ ತೀರ್ಪಿನಲ್ಲಿ ಅದನ್ನೇ ಎತ್ತಿಹಿಡಿಯಿತು. ಆದರೆ ಸರ್ಕಾರ ಮತ್ತು ಚರ್ಚಿನ ನಡುವಿನ ಇದೇ ಗೋಡೆಗೆ ಇನ್ನೊಂದು ಮುಖವಿದೆ. 2010ರಲ್ಲಿ ಅಲ್ಲಿನ ಒಂದು ಮೇಲ್ಮನವಿ ನ್ಯಾಯಾಲಯ, ಪಾದ್ರಿಯಾಗಲು ತರಬೇತಿ ಪಡೆಯುತ್ತಿದ್ದವರೊಬ್ಬರ ಓವರ್‌ಟೈಮ್ ಕೂಲಿಯ ಮೊಕದ್ದಮೆಯನ್ನೂ ಇದೇ ಕಾರಣಕ್ಕೆ ತಳ್ಳಿಹಾಕಿತು. ಸರ್ಕಾರವನ್ನು ಹೊರಗಿಟ್ಟ ಗೋಡೆ ಕೂಲಿ ಕಾನೂನನ್ನೂ ಹೊರಗಿಟ್ಟಿತು.

ಅಮೆರಿಕದ ತೆರಿಗೆ ನಿಯಮ ಇನ್ನೂ ವಿಚಿತ್ರ. ಅಲ್ಲಿ ಸಾಮಾನ್ಯ ಪಾಸ್ಟರ್ ವರಮಾನ ತೆರಿಗೆಗೆ ನೌಕರ, ಸಾಮಾಜಿಕ ಭದ್ರತೆಯ (ಸರ್ಕಾರಿ ನಿವೃತ್ತಿ ಪೆನ್ಷನ್ ಮುಂತಾದವುಗಳ) ಕಂತಿಗೆ ಸ್ವಂತ ಉದ್ಯೋಗಿ. ಮಾಮೂಲಿ ನೌಕರ ಶೇ 7.65 ಕೊಟ್ಟರೆ ಉಳಿದರ್ಧ ಮಾಲೀಕ ಕೊಡುತ್ತಾನೆ. ಪಾಸ್ಟರ್ ಶೇ 15.3ನ್ನೂ ತಾನೇ ಕಟ್ಟಬೇಕು. ಮನೆ ಭತ್ಯೆಗೆ ವರಮಾನ ತೆರಿಗೆ ಇಲ್ಲ (2019ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ರಿಯಾಯಿತಿಯನ್ನು ಉಳಿಸಿತು), ಆದರೆ ಆ ಶೇ 15.3ರ ಲೆಕ್ಕಕ್ಕೆ ಅದೂ ಸೇರುತ್ತದೆ. 'ಪಾಸ್ಟರ್‌ಗಳಿಗೆ ತೆರಿಗೆಯೇ ಇಲ್ಲ' ಅನ್ನುವ ಮಾತು ಹುಟ್ಟಿದ್ದು ಈ ಭತ್ಯೆಯಿಂದ. ಪೂರ್ತಿ ಲೆಕ್ಕ ಯಾರೂ ಹೇಳುವುದಿಲ್ಲ. ಮನಸ್ಸಾಕ್ಷಿಯ ಕಾರಣ ಕೊಟ್ಟು ಸೇವೆಯ ಆರಂಭದಲ್ಲೇ ಈ ಕಂತಿನಿಂದ ಹೊರಬರಲು ಅವಕಾಶವಿದೆ. ಹೊರಬಂದವರು ಹಿಂದಿರುಗಲು ಆಗುವುದಿಲ್ಲ. ಇಪ್ಪತ್ತೈದರ ವಯಸ್ಸಿನ ಸಹಿಯ ಫಲ ಅರವತ್ತೈದರಲ್ಲಿ ಕಾಣುತ್ತದೆ.

ಬ್ರಿಟನ್ನಿನಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಮೆಥಡಿಸ್ಟ್ ಪಂಗಡದ ಒಬ್ಬ ಮಹಿಳಾ ಪಾದ್ರಿಯ ಮೊಕದ್ದಮೆಯಲ್ಲಿ, ಅವರು ನೌಕರರಲ್ಲ ಅಂದಿತು. ಆದರೆ ಚರ್ಚ್ ಆಫ್ ಇಂಗ್ಲೆಂಡ್ ಅಷ್ಟರಲ್ಲೇ ನಡುವಿನ ದಾರಿಯೊಂದನ್ನು ಮಾಡಿಕೊಂಡಿತ್ತು. 2009ರ ತನ್ನದೇ ಕಾನೂನಿನಿಂದ ಪಾದ್ರಿಗಳಿಗೆ 'ನೌಕರ' ಅನ್ನುವ ಹೆಸರು ಕೊಡದೆಯೇ ಬರಹದ ಷರತ್ತು, ವಾರದ ರಜೆ, ಕನಿಷ್ಠ ಸ್ಟೈಪೆಂಡ್ ಕೊಟ್ಟಿತು. ಹೆಸರಿನ ಜಗಳ ಬಿಟ್ಟು ಹಕ್ಕನ್ನು ನೇರವಾಗಿ ಬರೆದುಕೊಡುವುದು ಆಗುವ ಕೆಲಸ ಅನ್ನುವುದಕ್ಕೆ ಇದೇ ಸಾಕ್ಷಿ.

ಭಾರತದಲ್ಲಿ ಅಡ್ಡ ಬರುವುದು ಸಂಖ್ಯೆ. ಪಿಎಫ್ ಸಾಮಾನ್ಯವಾಗಿ 20 ಕೆಲಸಗಾರರಿರುವ ಸಂಸ್ಥೆಗೆ ಕಡ್ಡಾಯ, ಗ್ರಾಚ್ಯುಟಿ 10 ಜನರಿದ್ದಲ್ಲಿ. ಒಬ್ಬ ಪಾಸ್ಟರ್, ಜೊತೆಗೆ ಗುಡಿಸುವವರೊಬ್ಬರು ಇರುವ ಒಂಟಿ ಸಭೆ ಈ ಬಲೆಯ ಕಣ್ಣಿನಿಂದ ಜಾರಿಹೋಗುತ್ತದೆ, ನೌಕರ ಹೌದೋ ಅಲ್ಲವೋ ಅನ್ನುವ ವಾದ ಶುರುವಾಗುವ ಮೊದಲೇ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪಾದ್ರಿಗಳು ಮತ್ತು ಸಿಸ್ಟರ್‌ಗಳ ಸಂಬಳಕ್ಕೆ ಟಿಡಿಎಸ್ (ಸಂಬಳ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬಹುದು ಅಂದ ಸುದ್ದಿಯನ್ನು ಹಲವರು ಇದಕ್ಕೆ ಗಂಟುಹಾಕಿದರು. ಆ ತೀರ್ಪು ಅನುದಾನಿತ ಶಾಲೆ ಕಾಲೇಜುಗಳಲ್ಲಿ ಪಾಠ ಹೇಳಿ ಸರ್ಕಾರದ ಸಂಬಳ ಪಡೆಯುವವರಿಗೆ ಸಂಬಂಧಿಸಿದ್ದು. ಬಡತನದ ವ್ರತ ತೊಟ್ಟು ಸಂಬಳವನ್ನು ಸಂಘಕ್ಕೆ ಕೊಟ್ಟುಬಿಟ್ಟರೂ ತೆರಿಗೆ ತಪ್ಪುವುದಿಲ್ಲ ಅನ್ನುವುದು ಅದರ ತಿರುಳು. ಚಿಕ್ಕ ಸಭೆಯ ಪಾಸ್ಟರ್ ಕಥೆ ಬೇರೆಯೇ.

ತೆರಿಗೆ ಅಂದರೆ ನಷ್ಟ ಮಾತ್ರ ಅಂದುಕೊಂಡವರು ದಕ್ಷಿಣ ಕೊರಿಯಾ ಕಡೆ ನೋಡಬೇಕು. ದಶಕಗಳ ಜಗಳದ ನಂತರ 2018ರ ಜನವರಿ 1ರಿಂದ ಅಲ್ಲಿ ಧರ್ಮಗುರುಗಳ ವರಮಾನಕ್ಕೆ ತೆರಿಗೆ ಬಂತು. ಚಿಕ್ಕ ಸಭೆಯ ಪಾಸ್ಟರ್‌ಗಳ ವರಮಾನ ಎಷ್ಟು ಕಮ್ಮಿ ಅಂದರೆ ಕಟ್ಟುವ ತೆರಿಗೆ ಹೆಚ್ಚುಕಮ್ಮಿ ಸೊನ್ನೆ. ಆದರೆ ಲೆಕ್ಕ ಸಲ್ಲಿಸಿದ್ದರಿಂದ ಅವರ ವರಮಾನ ಸರ್ಕಾರದ ಪುಸ್ತಕದಲ್ಲಿ ದಾಖಲಾಯಿತು. ಕಡಿಮೆ ವರಮಾನದ ದುಡಿಯುವ ಕುಟುಂಬಗಳಿಗೆ ಸಿಗುವ ನೆರವಿಗೆ ಅರ್ಜಿ ಹಾಕುವ ದಾರಿ ತೆರೆಯಿತು.

ಲಕೋಟೆಯ ಬೆಲೆ

ಕಾನೂನೂ ಇಲ್ಲ, ಬಜೆಟ್ಟೂ ಇಲ್ಲ ಅಂದಾಗ ಆ ಜಾಗ ತುಂಬುವುದು ಪ್ರೇಮ ಕಾಣಿಕೆ. ಆರಾಧನೆ ಮುಗಿದು ಕೈ ಕುಲುಕುವಾಗ ಒಂದು ಲಕೋಟೆ ಕೈಯಿಂದ ಕೈಗೆ ದಾಟುತ್ತದೆ. ಮಕ್ಕಳ ಫೀಸಿನ ತಿಂಗಳಲ್ಲಿ ಒಳ್ಳೆಯ ಮನೆತನವೊಂದು ನೆರವಿಗೆ ಬರುತ್ತದೆ. ಕೊಡುವವರ ಮನಸ್ಸು ಒಳ್ಳೆಯದೇ. ಆದರೂ ಫಲ ಬೇರೆ.

ಸಂಬಳ ಇಡೀ ಸಭೆಯಿಂದ ಬಂದರೆ ಪಾಸ್ಟರ್ ಇಡೀ ಸಭೆಗೆ ಉತ್ತರ ಕೊಡಬೇಕು. ಲಕೋಟೆ ಎರಡು ಮೂರು ಮನೆಗಳಿಂದ ಬಂದರೆ ಆ ಮನೆಗಳ ಮುಖ ನೋಡಬೇಕು. ಆ ಮನೆಯ ಹುಡುಗ ಕೂಲಿಯವರನ್ನು ಮೋಸ ಮಾಡಿದ ಸುದ್ದಿ ಬಂದ ವಾರ, ನ್ಯಾಯದ ಕೂಲಿಯ ಬಗ್ಗೆ ಪ್ರಸಂಗ (ಉಪದೇಶ) ಮಾಡುವುದು ಎಷ್ಟು ಕಷ್ಟ ಅಂತ ಯೋಚಿಸಿ. ಎತ್ತಿನ ಬಾಯಿ ಕಟ್ಟುವುದು ಅಂದರೆ ತಿನ್ನದ ಹಾಗೆ ಮಾಡುವುದು ಅಂತ ನಾವು ಓದುತ್ತೇವೆ. ಇಲ್ಲಿ ಬಾಯಿ ಕಟ್ಟಿರುವುದು ಮಾತಿಗೆ. ಲಕೋಟೆಗೆ ದಾಖಲೆಯೂ ಇಲ್ಲ. ಹಾಗಾಗಿ ಬ್ಯಾಂಕ್ ಸಾಲ ಸಿಗುವುದಿಲ್ಲ, ಪೆನ್ಷನ್ನಿಗೆ ಲೆಕ್ಕ ಸಿಗುವುದಿಲ್ಲ, 'ಪಾಸ್ಟರ್‌ಗೆ ಒಳಗೊಳಗೇ ಎಷ್ಟು ಬರುತ್ತೋ' ಅನ್ನುವ ಗುಸುಗುಸು ಮಾತ್ರ ಸಿಗುತ್ತದೆ. ಸ್ವಂತ ವಿಮಾನ ಇಟ್ಟುಕೊಂಡ ಟಿವಿ ಪ್ರಸಂಗಿಗಳ ಸುದ್ದಿಯೂ ಈ ಗುಸುಗುಸುವಿಗೆ ಉಪ್ಪುಖಾರ ಹಾಕುತ್ತದೆ.

ಅರ್ಧ ಸಂಬಳ, ಪೂರ್ತಿ ಕೆಲಸ

ಬೇರೆ ಉದ್ಯೋಗ ಇಟ್ಟುಕೊಂಡೇ ಸಭೆ ನಡೆಸುವ ಪಾಸ್ಟರ್‌ಗಳೇ ಇದಕ್ಕೆ ಉತ್ತರ ಅನ್ನುವವರಿದ್ದಾರೆ. ಅವರ ವಾದದಲ್ಲಿ ಹುರುಳಿದೆ. ಹೊರಗೆ ದುಡಿಯುವವರಿಗೆ ಜನರ ಕಷ್ಟ ಹತ್ತಿರದಿಂದ ಗೊತ್ತು. ಲಕೋಟೆಯ ಹಂಗೂ ಇಲ್ಲ.

ತೊಡಕಿರುವುದು ಲೆಕ್ಕದಲ್ಲಿ. ಸಂಬಳ ಅರ್ಧ ಮಾಡಿದ ಸಭೆ ಕೆಲಸವನ್ನೂ ಅರ್ಧ ಮಾಡಿತೇ? ಸಾವು ಕ್ಯಾಲೆಂಡರ್ ನೋಡಿ ಬರುವುದಿಲ್ಲ. ಮಂಗಳವಾರ ಮಧ್ಯಾಹ್ನ ಮಣ್ಣು ಮಾಡಬೇಕಾದರೆ ಪಾಸ್ಟರ್ ಆಫೀಸಿಗೆ ರಜೆ ಹಾಕಬೇಕು, ಅಂದರೆ ಸಭೆಯ ಕೆಲಸಕ್ಕೆ ಇನ್ನೊಬ್ಬ ಮಾಲೀಕನ ರಜೆ ಖರ್ಚಾಗುತ್ತದೆ. ಭೇಟಿ, ಪ್ರಾರ್ಥನೆ ಕೂಟ, ಬೈಬಲ್ ಪಾಠಗಳಲ್ಲಿ ಅರ್ಧವನ್ನು ಹಿರಿಯರು ಕೈಗೆತ್ತಿಕೊಂಡ ಸಭೆಗಳಲ್ಲಿ ಈ ಏರ್ಪಾಡು ಚೆನ್ನಾಗಿ ನಡೆಯುತ್ತದೆ. ಉಳಿದ ಕಡೆ ಅದು ಸಂಬಳ ಕಡಿತಕ್ಕೆ ಇಟ್ಟ ಒಳ್ಳೆಯ ಹೆಸರು, ಅಷ್ಟೇ. ಎಷ್ಟೋ ಮನೆಗಳಲ್ಲಿ ಆರೋಗ್ಯ ವಿಮೆ ಬರುವುದು ಪಾಸ್ಟರ್ ಹೆಂಡತಿಯ ಉದ್ಯೋಗದಿಂದ. ಜೊತೆಗೆ ಭಾನುವಾರ ಶಾಲೆ, ಸ್ತ್ರೀಯರ ಕೂಟ ಎಲ್ಲ ಅವರದೇ, ಸಂಬಳವಿಲ್ಲದೆ.

ಒಂದೇ ಹುಂಡಿಗೆ ಹಾಕುವ ದಾರಿ

ತೊಂದರೆ ಅಳತೆಯದ್ದಾದರೆ ಅಳತೆಯನ್ನು ಹಿಗ್ಗಿಸುವುದೇ ಪರಿಹಾರ. ಇದು ಹಳೆಯ ಉಪಾಯ. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಪೋಪನಿಂದ ಕಿತ್ತುಕೊಂಡಿದ್ದ ಪಾದ್ರಿಗಳ ತೆರಿಗೆಯನ್ನು 1704ರಲ್ಲಿ ರಾಣಿ ಆ್ಯನ್ ಬಡ ಪಾದ್ರಿಗಳ ವರಮಾನ ಹೆಚ್ಚಿಸಲು ಬಿಟ್ಟುಕೊಟ್ಟಳು. 'ಕ್ವೀನ್ ಆ್ಯನ್ಸ್ ಬೌಂಟಿ' ಅಂತ ಹೆಸರಾದ ಆ ನಿಧಿ 1948ರಲ್ಲಿ ಚರ್ಚ್ ಕಮಿಷನರ್ಸ್ ಅನ್ನುವ ಸಂಸ್ಥೆಯಲ್ಲಿ ಸೇರಿಹೋಯಿತು. 2025ರ ಆ ಘೋಷಣೆಗೆ ಬಲ ಕೊಟ್ಟ ನಿಧಿಯ ಒಂದು ಬೇರು 300 ವರ್ಷ ಹಿಂದೆ ಇದೆ.

ಇನ್ನೂ ಹತ್ತಿರದ ಉದಾಹರಣೆ ಸ್ಕಾಟ್ಲೆಂಡಿನದು. 1843ರಲ್ಲಿ 450ಕ್ಕೂ ಹೆಚ್ಚು ಪಾದ್ರಿಗಳು ರಾಷ್ಟ್ರೀಯ ಚರ್ಚ್ ಬಿಟ್ಟು ಹೊರಬಂದರು. ಬಿಟ್ಟದ್ದು ಸಂಬಳವನ್ನೂ, ಮನೆಯನ್ನೂ. ಹೊಸ ಫ್ರೀ ಚರ್ಚಿಗೆ ರಾಣಿಯ ನಿಧಿ ಇರಲಿಲ್ಲ. ಅದರ ಮುಂದಾಳು ಥಾಮಸ್ ಚಾಮರ್ಸ್ ಒಂದು ಏರ್ಪಾಡು ಮಾಡಿದ: ಎಲ್ಲ ಸಭೆಗಳೂ ತಮ್ಮ ಕಾಣಿಕೆಯ ಪಾಲನ್ನು ಕೇಂದ್ರಕ್ಕೆ ಕಳಿಸಬೇಕು, ಅಲ್ಲಿಂದ ಎಲ್ಲ ಪಾದ್ರಿಗಳಿಗೂ ಸಮ ಪಾಲು. ಪಟ್ಟಣದ ವರ್ತಕರ ದುಡ್ಡು ಬೆಟ್ಟದ ಬಡ ಹಳ್ಳಿಯ ಪಾದ್ರಿಗೆ ತಲುಪಿತು. ಶ್ರೀಮಂತ ಸಭೆಗಳು ಬೇಕಾದರೆ ತಮ್ಮ ಪಾದ್ರಿಗೆ ಮೇಲೆ ಇನ್ನಷ್ಟು ಸೇರಿಸಬಹುದಿತ್ತು, ಸೇರಿಸಿದವು ಕೂಡ. ಹಾಗಾಗಿ ಅಂತರ ಪೂರ್ತಿ ಹೋಗಲಿಲ್ಲ, ಆದರೆ ಎಲ್ಲರ ಕಾಲ ಕೆಳಗೆ ಒಂದು ನೆಲ ಸಿಕ್ಕಿತು. ಇವತ್ತಿನ ಚರ್ಚ್ ಆಫ್ ಸ್ಕಾಟ್ಲೆಂಡ್ ಕೂಡ ಸ್ಟೈಪೆಂಡನ್ನು ಕೇಂದ್ರದಿಂದಲೇ ಕೊಡುತ್ತದೆ. ಅಮೆರಿಕದ ಯುನೈಟೆಡ್ ಮೆಥಡಿಸ್ಟರು ಪ್ರತಿ ಪ್ರಾಂತ್ಯದಲ್ಲಿ ಕನಿಷ್ಠ ಸಂಬಳ ಗೊತ್ತುಮಾಡಿ, ಅಷ್ಟು ಕೊಡಲಾಗದ ಸಭೆಗೆ ನೆರವಿನ ನಿಧಿ ಇಟ್ಟಿದ್ದಾರೆ.

ಹಾಗಿದ್ದರೆ ಎಲ್ಲರೂ ಯಾಕೆ ಹೀಗೆ ಮಾಡುವುದಿಲ್ಲ? ಒಂದು ಕಾರಣ ಸ್ವಾತಂತ್ರ್ಯ. ದುಡ್ಡು ಕೇಂದ್ರದಿಂದ ಬಂದರೆ ಪಾಸ್ಟರ್ ಯಾರು ಅನ್ನುವ ತೀರ್ಮಾನವೂ ನಿಧಾನವಾಗಿ ಕೇಂದ್ರಕ್ಕೆ ಹೋಗುತ್ತದೆ ಅನ್ನುವ ಭಯ. ಬ್ಯಾಪ್ಟಿಸ್ಟ್, ಪೆಂತೆಕೊಸ್ತ್ ಸಭೆಗಳಲ್ಲಿ ಬಹಳಷ್ಟು ಹುಟ್ಟಿದ್ದೇ ಅಂಥ ಹಿಡಿತ ಬೇಡ ಅಂತ. ಇನ್ನೊಂದು ಕಾರಣ ನಂಬಿಕೆ. ಅಮೆರಿಕದ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚಿನ ನಿವೃತ್ತಿ ನಿಧಿಯಲ್ಲಿ ಸುಮಾರು 9 ಕೋಟಿ ಡಾಲರ್ ಕಾಣೆಯಾಗಿದೆ ಅಂತ 2021ರಲ್ಲಿ ಬೆಳಕಿಗೆ ಬಂತು. ಚಿಕ್ಕ ಸಭೆಗಳಲ್ಲಿ ದಶಕಗಟ್ಟಲೆ ದುಡಿದು ಕಂತು ಕಟ್ಟಿದವರ ಖಾತೆ ಕರಗಿಹೋಯಿತು, ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಒಂದೇ ಹುಂಡಿಗೆ ಎಲ್ಲರ ದುಡ್ಡು ಹಾಕಿದಾಗ ಕಳ್ಳತನವೋ ದಡ್ಡತನವೋ ನಡೆದರೆ ಎಲ್ಲರೂ ಒಟ್ಟಿಗೆ ಮುಳುಗುತ್ತಾರೆ. ಹಾಗಾಗಿ ಹುಂಡಿ ಬೇಕು ಅನ್ನುವವರು ಹೊರಗಿನ ಆಡಿಟ್ ಅನ್ನೂ ಅಷ್ಟೇ ಜೋರಾಗಿ ಕೇಳಬೇಕು.

ಹೀಗೇ ಬಿಟ್ಟರೆ

ಏನೂ ಮಾಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಭವಿಷ್ಯ ಹೇಳುವವರು ಬೇಡ. ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬಂದಾಗ ಯುವ ಪಾಸ್ಟರ್‌ಗಳು ದೊಡ್ಡ ಸಭೆಗೆ ಹೋಗುತ್ತಾರೆ. ಹಿರಿಯರು ಉಳಿಯುತ್ತಾರೆ, ಕೆಲವರು ಪ್ರೀತಿಯಿಂದ, ಕೆಲವರು ಪೆನ್ಷನ್ ಇಲ್ಲದ್ದರಿಂದ. ದನಿ ನಡುಗಿದರೂ, ಮಂಡಿ ನೋವಿದ್ದರೂ ಪ್ರಸಂಗ ಪೀಠ ಬಿಡಲು ಆಗುವುದಿಲ್ಲ. ಚಿಕ್ಕ ಸಭೆಗೆ ಬರುವ ಧೈರ್ಯ ಉಳಿಯುವುದು ಸ್ವಂತ ಆಸ್ತಿ, ಬೇರೆ ಪೆನ್ಷನ್ ಅಥವಾ ಚೆನ್ನಾಗಿ ದುಡಿಯುವ ಸಂಗಾತಿ ಇರುವವರಿಗೆ. ಬಡ ಮನೆಯಿಂದ ಬಂದು ಕರೆ ಕೇಳಿಸಿಕೊಂಡ ಹುಡುಗ ಅಥವಾ ಹುಡುಗಿ ಅಲ್ಲಿಗೆ ಬರುವುದು ಕಷ್ಟವಾಗುತ್ತದೆ.

ಬಹುಶಃ ಜಾಸ್ತಿ ಕಡೆ ಆಗುವುದು ಇದು: ಅಕ್ಕಪಕ್ಕದ ಎರಡು ಮೂರು ಸಭೆಗಳು ಸೇರಿ ಒಬ್ಬರೇ ಪಾಸ್ಟರ್ ಇಟ್ಟುಕೊಳ್ಳುತ್ತವೆ. ಮೇಲಿನ ಲೆಕ್ಕದಲ್ಲಿ 25 ಮನೆಗಳ ಮೂರು ಸಭೆಗಳು ಸೇರಿದರೆ ಒಂದು ಪೂರ್ತಿ ಸಂಬಳ ಹುಟ್ಟುತ್ತದೆ, ವಿಮೆಗೆ ಸ್ವಲ್ಪ ಮಿಗುತ್ತದೆ. ಕಾಗದದ ಮೇಲೆ ಚೆನ್ನಾಗಿದೆ. ಹಿರಿಯರು ಕೂತು ಸಂಬಳ, ಪೆಟ್ರೋಲ್, ಮನೆ ಎಲ್ಲ ಒಂದೇ ಸಂಜೆಯಲ್ಲಿ ಒಪ್ಪಿಬಿಡಬಹುದು. ಮಾತುಕತೆ ಮುರಿದುಬೀಳುವುದು ಸಾಮಾನ್ಯವಾಗಿ ಅದರ ನಂತರದ ಪ್ರಶ್ನೆಗೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಯಾವ ಸಭೆಗೆ?